ಹುಲ್ಲಿನ ಬೇರು ಎಷ್ಟು ಆಳ?

ಲೆಕ್ಕಕ್ಕಿಲ್ಲದ ವಸ್ತುವನ್ನು 'ತೃಣಸಮಾನ'ವೆಂದು ಕರೆಯುವ ರೂಢಿ ನಮ್ಮ ಭಾಷೆಯಲ್ಲುಂಟು. ನೆಲದ ಮೇಲೆ ಗೇಣುದ್ದ ಕಾಣುವ ಹುಲ್ಲನ್ನಷ್ಟೇ ನೋಡಿದವರ ಮಾತಿದು. ಹುಲ್ಲಿಗೆ ತಾಯಿಬೇರಿಲ್ಲ, ತಂತುಬೇರುಗಳು ಮಾತ್ರ ಇವೆಯೆಂದು ನಾವೆಲ್ಲರೂ ಶಾಲೆಯಲ್ಲಿ ಕಲಿಯುತ್ತೇವೆ. ಅದು ನಿಜವೇ. ಆದರೆ ಅಷ್ಟರಿಂದಲೇ ಹುಲ್ಲಿನ ಬೇರೆಲ್ಲ ಮೇಲ್ಮಣ್ಣಿನದೆಂದು ತೀರ್ಮಾನಿಸುವುದು ತಪ್ಪೆಂದು ನಮ್ಮ ಅಭಿಪ್ರಾಯ.

ಬತ್ತವೂ ಹುಲ್ಲಿನ ಕುಲಕ್ಕೇ ಸೇರಿದುದು. ನೀರು ನಿಂತ ಗದ್ದೆಯಲ್ಲಿ ಅದರ ಬಹುಪಾಲು ಬೇರುಗಳು ಒಂದಡಿಯೊಳಗೇ ಉಳಿಯುತ್ತವೆ. ಬುಡದಲ್ಲಿಯೇ ನೀರಿರುವಾಗ ಆಳಕ್ಕಿಳಿಯುವ ಶ್ರಮವೇಕೆ? ಒಣನೆಲದ ಹುಲ್ಲುಗಳ ರೀತಿ ಬೇರೆ. ಅಮೆರಿಕದ ನೆಬ್ರಾಸ್ಕದಲ್ಲಿ ವೀವರ್ ಎಂಬ ಸಸ್ಯವಿಜ್ಞಾನಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆಳವಾದ ಕಂದಕಗಳನ್ನು ತೋಡಿಸಿ ಹುಲ್ಲುಗಾವಲಿನ ಬೇರುಗಳನ್ನು ಅಳೆದರು. ಕೆಲವು ಹುಲ್ಲುಗಳ ಬೇರು 6 ಅಡಿಗೂ ಕೆಳಗಿಳಿದಿತ್ತು. 1937ರಲ್ಲಿ ಡಿಟ್ಮರ್ ಎಂಬವರು ನಾಲ್ಕು ತಿಂಗಳ ಒಂದೇ ಒಂದು ರೈ ಗಿಡದ ಬೇರುಗಳ ಉದ್ದವನ್ನು ಲೆಕ್ಕ ಹಾಕಿದಾಗ, ಬೇರುರೋಮಗಳನ್ನು ಬಿಟ್ಟೇ, ಸುಮಾರು 620 ಕಿಲೋಮೀಟರ್ ಆಯಿತು! ಇಂತಹ ಹೆಣಿಗೆಯೇ ಮಣ್ಣನ್ನು ಹಿಡಿದಿಡುವುದು. ಅದೇ ದೇಶದ ದಕ್ಷಿಣದ ಬಯಲುಗಳಲ್ಲಿ ಹುಲ್ಲನ್ನು ಉತ್ತು ಗೋಧಿ ಬಿತ್ತಿದ್ದರು. 1930ರ ದಶಕದ ಬರದಲ್ಲಿ ಅಲ್ಲಿನ ಮಣ್ಣು ಧೂಳಾಗಿ ಹಾರಿಹೋಯಿತು.

ಅಷ್ಟು ದೂರವೇಕೆ? ಬೇಸಗೆಯಲ್ಲಿ ಕುಡಿಯುವ ನೀರಿಗೆ ಹಾಕುವ ಲಾವಂಚವನ್ನು ತೆಗೆದುಕೊಳ್ಳಿ. ಮುಂಬಯಿಯ ನಮ್ಮ ನೆರೆಯವರು ಅದನ್ನೇ ವಾಳಾ ಎನ್ನುತ್ತಾರೆ. ಪರಿಮಳಕ್ಕೆಂದು ನಾವು ಬಲ್ಲ ಈ ಬೇರು ಒಳ್ಳೆಯ ಮಣ್ಣಿನಲ್ಲಿ 10 ಅಡಿಯಷ್ಟು ನೆಟ್ಟಗೆ ಕೆಳಗಿಳಿಯುತ್ತದೆ. ಮೈಸೂರಿನ ಸಮೀಪದ ಗುಂಡ್ಲುಪೇಟೆಯ ರೈತರು ಇದನ್ನು ಬಹುಕಾಲದಿಂದ ಹೊಲದ ಅಂಚಿಗೆ ಬೇಲಿಯಾಗಿ ನೆಡುತ್ತಿದ್ದರು. ಮಣ್ಣಿನ ಕೊಚ್ಚಣೆಯನ್ನು ತಡೆಯಲು ವಿಶ್ವಬ್ಯಾಂಕಿನ ತಜ್ಞರು ಇದೇ ಹುಲ್ಲನ್ನು ಲೋಕಕ್ಕೆಲ್ಲ ಸಾರಿದ್ದು 1980ರ ದಶಕದಲ್ಲಿ!

ಹೀಗಿರಲು ನಮ್ಮ ನಗರದಲ್ಲಿ ನಡೆಯುತ್ತಿರುವುದೇನು? ಇಳಿಜಾರು ಕಂಡಲ್ಲಿ ಸಿಮೆಂಟು ಬಳಿಯುತ್ತಾರೆ. ಉಳಿದ ಹುಲ್ಲನ್ನು ಯಂತ್ರದಿಂದ ಬೋಳಿಸುತ್ತಾರೆ. ಎಲೆಯ ಅರ್ಧಕ್ಕಿಂತ ಹೆಚ್ಚನ್ನು ಒಮ್ಮೆಗೇ ಕತ್ತರಿಸಿದರೆ ಬೇರಿನ ಬೆಳವಣಿಗೆ ಕೆಲವು ದಿನ ನಿಂತೇಹೋಗುವುದೆಂದು 1955ರಲ್ಲಿಯೇ ಕ್ರೈಡರ್ ಎಂಬವರು ತೋರಿಸಿದ್ದಾರೆ. ಹುಲ್ಲು ಬೆಳೆಸಿದರೆ ಹಾವು ಬರುವುದೆಂದು ಹಿರಿಯರು ಆಕ್ಷೇಪಿಸುವುದುಂಟು. ಆ ಭಯ ಸುಳ್ಳೆನ್ನಲಾರೆವು. ಆದರೆ ಮೈದಾನವನ್ನೆಲ್ಲ ಕಾಡಾಗಿಸಿರೆಂದು ನಾವು ಹೇಳುತ್ತಿಲ್ಲ. ಇಳಿಜಾರಿಗೆ ಅಡ್ಡಲಾಗಿ ಒಂದೆರಡು ಸಾಲು ಲಾವಂಚ ಸಾಕು, ಅದನ್ನೂ ಮೊಣಕಾಲೆತ್ತರಕ್ಕೆ ಕತ್ತರಿಸುತ್ತಿರಬಹುದು. ಆಳದಿಂದಲೇ ಜರಿಯುವ ಗುಡ್ಡವನ್ನು ಯಾವ ಹುಲ್ಲೂ ತಡೆಯದು. ಅಲ್ಲಿ ಗೋಡೆಯೇ ಬೇಕು. ಮೇಲ್ಮಣ್ಣು ಪ್ರತಿ ಮಳೆಗಾಲದಲ್ಲೂ ಚರಂಡಿಗೆ ಹರಿಯುವ ನಮ್ಮ ಶಾಲೆಗಳ ಹಿತ್ತಿಲಿಗೆ ಈ ಬೇಲಿಯೇ ತಕ್ಕುದು.

ಅತ್ತರಿನ ಆಸೆಗೆ ಅದನ್ನು ಕಿತ್ತರೆ ಮಾತ್ರ ಕೆಲಸ ಕೆಟ್ಟಿತು. ಬೇರು ಅಗೆದಲ್ಲಿ ಮಣ್ಣು ಸಡಿಲವಾಗುವುದಷ್ಟೆ.

ಮಳೆ ಹಿಡಿಯುತ್ತಲೇ, ಬಿಸಿಲು ಬೀಳುವ ಕಡೆ, ಬುಡದಿಂದ ಸೀಳಿದ ಸಸಿಗಳನ್ನು ಅರ್ಧ ಗೇಣಿಗೊಂದರಂತೆ ನೆಡಬೇಕು. ನೆರಳಿನಲ್ಲಿ ಇದು ಏಳುವುದಿಲ್ಲ. ಬರುವ ಜೂನಿನಲ್ಲಿ ಶಾಲೆ ತೆರೆದಾಗ ಹಿರಿಯ ತರಗತಿಯ ವಿದ್ಯಾರ್ಥಿಗಳು ಗುರುಗಳ ಅಪ್ಪಣೆ ಪಡೆದು ಹಿಂಬದಿಯ ದಿಬ್ಬದಲ್ಲಿ ಒಂದು ಸಾಲನ್ನು ನೆಡಲಿ.