ಕಡಲೊಳಗಿನ ಗುಡಿಯ ನಾಡಿಗೆ



ಬೇಸಿಗೆಯ ರಜೆ ಸಮೀಪಿಸಿತೆಂದರೆ ಮನೆಮನೆಯಲ್ಲಿಯೂ ಪ್ರವಾಸದ ಮಾತು ಏಳುವುದು ಸಹಜ. ನಮ್ಮ ಮನೆಯಲ್ಲಿ ಈ ಬಾರಿ ಎದ್ದ ಮಾತು ತುಸು ದೂರದ್ದು. ಅಮೆರಿಕದಲ್ಲಿ ನೆಲೆಸಿರುವ ಮಗನು, ನಮ್ಮ ವಿವಾಹಕ್ಕೆ ನಲವತ್ತು ವರ್ಷ ತುಂಬುವ ಸಂದರ್ಭದಲ್ಲಿ, ಎಲ್ಲರನ್ನೂ ಕೆರಿಬಿಯನ್ ಸಮುದ್ರದ ದ್ವೀಪವೊಂದಕ್ಕೆ ಕರೆದೊಯ್ಯುವ ಆಸೆಯನ್ನು ತಿಳಿಸಿದನು. ಇಲ್ಲಿರುವ ಮೊಮ್ಮಕ್ಕಳು ಕುಣಿದಾಡಿದರು. ನಮ್ಮ ಮನೆಯವರು ಮಾತ್ರ, "ಕಡಲು ನೋಡಲು ಅಷ್ಟು ದೂರವೇಕೆ? ಗೋಕರ್ಣ ಸಾಲದೇ?" ಎಂದು ಕೇಳಿದರು.

ಆ ಪ್ರಶ್ನೆ ಉಚಿತವಾದುದೇ. ದುಡಿದು ಗಳಿಸಿದ ಹಣವನ್ನು ಬರಿಯ ಮರಳು, ನೀರುಗಳಿಗಾಗಿ ಭೂಮಿಯ ಆಚೆ ಬದಿಗೆ ಹೋಗಿ ವೆಚ್ಚ ಮಾಡುವುದು ಸಲ್ಲದು. ನೋಡಬೇಕಾದ ಜನರಿದ್ದರೆ ಮಾತ್ರ ಅಷ್ಟು ದೂರದ ಪಯಣಕ್ಕೆ ಅರ್ಥ. ಈ ವಿಚಾರದಿಂದಲೇ ಅನೇಕ ದ್ವೀಪಗಳ ನಡುವೆ ನಾವು ಟ್ರಿನಿಡಾಡನ್ನು ಆರಿಸಿಕೊಂಡೆವು.

ಗುಲಾಮಗಿರಿ ರದ್ದಾದ ಮೇಲೆ ಅಲ್ಲಿನ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1845ರ ಮೇ 30ರಂದು, ಮೂರು ತಿಂಗಳಿಗೂ ಮಿಗಿಲಾದ ಪಯಣದ ಬಳಿಕ, 'ಫಾತೆಲ್ ರಜಾಕ್' ಎಂಬ ಹಡಗು 225 ಭಾರತೀಯರನ್ನು ಆ ದಡಕ್ಕೆ ತಲುಪಿಸಿತು. 1917ರವರೆಗೆ ಹೀಗೆ ಕರಾರಿನ ಕೂಲಿಗಳಾಗಿ ಹೋದವರು ಸುಮಾರು 1,44,000 ಮಂದಿ. ಬಹುಪಾಲು ಜನ ಇಂದಿನ ಉತ್ತರ ಪ್ರದೇಶ, ಬಿಹಾರಗಳವರು. ಮದರಾಸಿನ ಬಂದರಿನಿಂದ ಹೊರಟವರೂ ಇದ್ದರು. ಇಕ್ಕಟ್ಟಾದ ಹಡಗಿನಲ್ಲಿ ಒಂದೇ ಅಡುಗೆ, ಒಂದೇ ನೀರು. ಊರಿನಲ್ಲಿ ಜೊತೆಗೆ ಕುಳಿತು ಉಣ್ಣದಿದ್ದವರು ಅಲ್ಲಿ 'ಜಹಾಜಿ ಭಾಯಿ', ಅಂದರೆ ಹಡಗಿನ ಅಣ್ಣತಮ್ಮಂದಿರಾದರು. ಆ ನಂಟು ತಲೆಮಾರುಗಳವರೆಗೆ ರಕ್ತಸಂಬಂಧದಷ್ಟೇ ಗಟ್ಟಿಯಾಗಿ ಉಳಿಯಿತು. ಜಾತಿಯ ಗೋಡೆಯನ್ನು ಒಡೆಯಲು ಹೊರಟ ಅನುಭವ ಮಂಟಪದ ವಾರಸುದಾರರಾದ ನಮಗೆ ಈ ಸಂಗತಿ ಹೃದಯಕ್ಕೆ ತಟ್ಟದಿರದು. ಅಲ್ಲಿನ ಭಾರತೀಯ ಮೂಲದ ಕುಟುಂಬಗಳಲ್ಲಿ ತಂದೆಯ ತಾಯಿಯನ್ನು ಇಂದಿಗೂ 'ಆಜಿ' ಎನ್ನುವರೆಂದು ಹೇಳಿದಾಗ ನಮ್ಮ ಮನೆಯವರ ಮುಖ ಅರಳಿತು.

ಇನ್ನು ವಾಟರ್‌ಲೂ ಎಂಬ ಊರಿನ ಕಡಲೊಳಗಿನ ಗುಡಿ. ಸಿವದಾಸ್ ಸಾಧು ಎಂಬ ಕಬ್ಬಿನ ತೋಟದ ಕಾರ್ಮಿಕರು 1947ರಲ್ಲಿ ಕಡಲ ತಡಿಯಲ್ಲಿ ಗುಡಿಯೊಂದನ್ನು ಕಟ್ಟತೊಡಗಿದರು. ನೆಲ ಸಕ್ಕರೆ ಕಂಪನಿಯದು. 1952ರಲ್ಲಿ ಗುಡಿಯನ್ನು ಕೆಡವಲಾಯಿತು. ಸಾಧುಗಳು ಹದಿನಾಲ್ಕು ದಿನ ಸೆರೆವಾಸ ಅನುಭವಿಸಿದರು. ಹೊರಬಂದ ಮೇಲೆ, ನೆಲಕ್ಕೆ ಒಡೆಯರಿದ್ದರೇನು, ಕಡಲಿಗೆ ಒಡೆಯರಿಲ್ಲವಲ್ಲ ಎಂದು ನೀರಿನೊಳಗೇ ಕಟ್ಟಲು ನಿಂತರು! ಸೈಕಲ್ಲಿನ ಮೇಲೆ ಕಲ್ಲು, ಸಿಮೆಂಟು ಹೇರಿಕೊಂಡು ಹೋಗಿ, ಇಳಿತದ ಹೊತ್ತು ನೋಡಿ ಸುರಿದು, ತಮ್ಮ ಉಳಿದ ಆಯುಷ್ಯವನ್ನೆಲ್ಲ ಅದಕ್ಕೇ ಮುಡಿಪಿಟ್ಟರು. ಅಲೆಗಳಿಂದ ಶಿಥಿಲಗೊಂಡ ಆ ಗುಡಿ, ಭಾರತೀಯರು ಬಂದ 150ನೆಯ ವರ್ಷವಾದ 1995ರಲ್ಲಿ ಮತ್ತೆ ಎದ್ದುನಿಂತಿತು. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ತಿಳಿದವರು ನಾವು. ಆದರೂ ಅಲ್ಲಿ ನಾವು ಕಾಣಹೊರಟಿರುವುದು ಕಲ್ಲನ್ನಲ್ಲ, ಒಬ್ಬ ಬಡವನ ಕಾಯಕವನ್ನು.

ಗುಡಿಯಿಂದ ಅನತಿ ದೂರದ ಕಾರಪಿಚೈಮಾದಲ್ಲಿ ಮೈಸೂರಿನ ಅವಧೂತ ದತ್ತಪೀಠದವರ ದತ್ತಾತ್ರೇಯ ಮಂದಿರವೂ 85 ಅಡಿ ಎತ್ತರದ ಹನುಮಂತನ ಮೂರ್ತಿಯೂ ಇವೆ. ಕ್ರಿಕೆಟ್ ಪ್ರಿಯನಾದ ಮೊಮ್ಮಗನಿಗೆ ಪೋರ್ಟ್ ಆಫ್ ಸ್ಪೇನಿನ ಕ್ವೀನ್ಸ್ ಪಾರ್ಕ್ ಮೈದಾನವೇ ಕ್ಷೇತ್ರ. 1976ರಲ್ಲಿ ಭಾರತವು ನಾಲ್ಕನೆಯ ಇನ್ನಿಂಗ್ಸಿನಲ್ಲಿ 406 ಓಟ ಗಳಿಸಿ ಗೆದ್ದುದು ಅಲ್ಲಿಯೇ, ನಮ್ಮ ಜಿ. ಆರ್. ವಿಶ್ವನಾಥರು ಅಂದು 112 ಓಟ ಹೊಡೆದಿದ್ದರು. ಕಿರಿಯವಳಿಗೆ ಕರೋನಿ ಜೌಗಿನಲ್ಲಿ ಸಂಜೆ ಗೂಡಿಗೆ ಮರಳುವ ಕೆಂಪು ಐಬಿಸ್ ಹಕ್ಕಿಗಳು. ನೀಲಿ ಕಡಲು ಬೇಕೆಂದವರಿಗೆ ಪಕ್ಕದ ಟೊಬೇಗೊ ದ್ವೀಪವಿದೆ. ಅರ್ಧ ಗಂಟೆಗೂ ಕಡಿಮೆ ಹಾರಾಟ.

ಈಗ ಸಿದ್ಧತೆಯ ಮಾತು. ಇಲ್ಲಿ ನಾವು ಎಡವಿದುದನ್ನು ಮುಚ್ಚಿಡುವುದಿಲ್ಲ. ಜನವರಿಯಿಂದ ಮೇ ತಿಂಗಳವರೆಗೆ ಅಲ್ಲಿ ಮಳೆಯಿಲ್ಲದ ಕಾಲ, ನಮ್ಮ ಮಕ್ಕಳ ರಜೆಗೂ ಹೊಂದುತ್ತದೆ ಎಂಬ ಸಂತೋಷದಲ್ಲಿ ಟಿಕೆಟ್ಟು ಕೊಳ್ಳಲು ಮುಂದಾಗಿದ್ದೆವು. ಆಗ ಪರಿಚಿತ ವೈದ್ಯರೊಬ್ಬರು ತಡೆದು, ಹಳದಿ ಜ್ವರದ ಲಸಿಕೆಯನ್ನು ನೆನಪಿಸಿದರು. ಟ್ರಿನಿಡಾಡ್ ಆ ಜ್ವರದ ಭಯವಿರುವ ನಾಡು. ಲಸಿಕೆಯ ಪ್ರಮಾಣಪತ್ರವಿಲ್ಲದೆ ಅಲ್ಲಿಂದ ಭಾರತಕ್ಕೆ ಮರಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವೇ ಪತ್ರಕ್ಕೆ ಬೆಲೆ. ಆ ಬಳಿಕ ಅದು ಜೀವನಪರ್ಯಂತ ಸಲ್ಲುತ್ತದೆ. ಆದರೆ ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ಅಪಾಯದ ಸಂಭವ ಹೆಚ್ಚು. ನಾವಿಬ್ಬರೂ ಅರವತ್ತು ದಾಟಿದವರು! ಮಗನ ಆಸೆಯೆಲ್ಲ ಒಂದು ಸೂಜಿಯ ತುದಿಯಲ್ಲಿ ನಿಂತಂತಾಯಿತು. ತಪಾಸಣೆಗೆ ದಿನ ಗೊತ್ತುಮಾಡಿದ್ದೇವೆ. ವೈದ್ಯರು ಬೇಡವೆಂದರೆ ಮಕ್ಕಳಷ್ಟೇ ಹೋಗಲಿ, ನಾವು ಗೋಕರ್ಣಕ್ಕೆ ಹೋಗೋಣವೆಂದು ನಮ್ಮ ಮನೆಯವರು ನಗುತ್ತಲೇ ತೀರ್ಮಾನ ಕೊಟ್ಟಿದ್ದಾರೆ. ಆದುದರಿಂದ ಹಿರಿಯರಿರುವ ಮನೆಯವರು ಮೊದಲು ವೈದ್ಯರನ್ನು, ಆಮೇಲೆ ಟಿಕೆಟ್ಟಿನವರನ್ನು ಕಾಣುವುದು ಲೇಸು.

ಭಾರತದಿಂದ ನೇರ ವಿಮಾನವಿಲ್ಲ. ಲಂಡನ್, ನ್ಯೂಯಾರ್ಕ್, ಟೊರೊಂಟೊಗಳಂತಹ ಊರಿನಲ್ಲಿ ವಿಮಾನ ಬದಲಿಸಬೇಕು. ಅಮೆರಿಕದ ಮೂಲಕವಾದರೆ ಬರಿದೆ ಹಾದುಹೋಗಲೂ ಆ ದೇಶದ ವೀಸಾ ಬೇಕು. ಅಪರಾಧಗಳು ಹೆಚ್ಚಿ 2024ರ ಡಿಸೆಂಬರಿನಲ್ಲಿಯೂ 2025ರ ಜುಲೈಯಲ್ಲಿಯೂ ಅಲ್ಲಿನ ಸರ್ಕಾರ ತುರ್ತು ಪರಿಸ್ಥಿತಿಯನ್ನು ಘೋಷಿಸಿತ್ತು. ಹೊರಡುವ ಮುನ್ನ ಅಂದಿನ ಸ್ಥಿತಿಗತಿ ವಿಚಾರಿಸುವುದೂ ಕತ್ತಲಾದ ಮೇಲೆ ಅಪರಿಚಿತ ಬೀದಿಗಳಲ್ಲಿ ಅಲೆಯದಿರುವುದೂ ವಿವೇಕ.

ಊಟದ ಚಿಂತೆ ಬೇಡ. ಕಡಲೆಯ ಗೊಜ್ಜನ್ನು ಎರಡು ಮೆತ್ತನೆಯ ಬಡೆಗಳ ನಡುವೆ ಇಟ್ಟು ಕೊಡುವ 'ಡಬಲ್ಸ್' ಅಲ್ಲಿನ ಬೀದಿಬೀದಿಯ ಬೆಳಗಿನ ಉಪಾಹಾರ, ಅಪ್ಪಟ ಶಾಕಾಹಾರ. ಬೇಳೆಯ ಹೂರಣವಿಟ್ಟ 'ದಾಲ್‌ಪುರಿ' ಹೋಳಿಗೆಯ ಖಾರದ ತಂಗಿಯಂತಿದೆ. ಕೆಸುವಿನೆಲೆಯ 'ಸಹೀನಾ' ಕರಾವಳಿಯ ಪತ್ರೊಡೆಯನ್ನು ನೆನಪಿಸುವಂತಹುದು. ಮಾಂಸ ಬೇಯಿಸಿದ ಪಾತ್ರೆಯೇ ಎಂದು ವಿನಯದಿಂದ ಕೇಳಿದರೆ ಯಾರೂ ತಪ್ಪು ತಿಳಿಯರು.

ಇಷ್ಟಲಿಂಗ ಪೂಜೆಗೆ ಹೆಚ್ಚಿನ ಸಲಕರಣೆ ಬೇಕಿಲ್ಲ. ಒಂದು ವಿಭೂತಿ ಗಟ್ಟಿ, ಒಂದು ಮಡಿವಸ್ತ್ರ ಸಾಕು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬೆಳ್ಳಿಯ ಕರಡಿಗೆಯ ಬಗೆಗೆ ಕೇಳಿದರೆ, ಇದು ನಮ್ಮ ಪೂಜೆಯ ವಸ್ತುವೆಂದು ಶಾಂತವಾಗಿ ತಿಳಿಸಿ, ಪ್ರತ್ಯೇಕ ಕೋಣೆಯ ತಪಾಸಣೆಯನ್ನು ಕೋರಬಹುದು. ಅಲ್ಲಿನ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಂಗೈಯ ಲಿಂಗಕ್ಕೆ ಯಾವ ಹೊತ್ತಾದರೇನು, ಯಾವ ದೇಶವಾದರೇನು?

ವಾಟರ್‌ಲೂವಿನಲ್ಲಿ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಸಾಧುಗಳ ಸೈಕಲ್ಲಿನ ಕಥೆಯನ್ನು ಹೇಳಬೇಕೆಂಬುದು ನಮ್ಮ ಆಸೆ. ನಾವು ಹೋಗಲಾಗದಿದ್ದರೂ ಅವರು ಅಲ್ಲಿ ನಿಂತು ನೆನೆಯಲೆಂದು, ಅದನ್ನು ಈಗಲೇ ಹೇಳಿಟ್ಟಿದ್ದೇವೆ.