ಸುಣ್ಣ-ಬಣ್ಣ ಆಯಿತು, ಖಾತೆ ಎಲ್ಲಿ ಸ್ವಾಮಿ?

ಜಯನಗರದಲ್ಲಿ ಒಂದು ಮನೆಗೆ ಸುಣ್ಣ-ಬಣ್ಣ ಶುರುವಾಯಿತೆಂದರೆ ಅಕ್ಕಪಕ್ಕದವರು ಹಿಂದೆ ಕೇಳುತ್ತಿದ್ದುದು ಒಂದೇ ಮಾತು: “ಏನ್ರೀ, ಮಗಳ ಮದುವೇನಾ?” ಈಗಿನ ಪ್ರಶ್ನೆಯೇ ಬೇರೆ: “ಏನ್ರೀ, ಮನೆ ಕೊಟ್ಬಿಡ್ತಿದೀರಾ?”

ಕೇಳುವವರದೂ ತಪ್ಪಿಲ್ಲ. ಬನಶಂಕರಿಯಿಂದ ಬಿ.ಟಿ.ಎಂ. ಲೇಔಟ್‌ವರೆಗೆ ಅಡ್ಡರಸ್ತೆಗಳಲ್ಲಿ ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ಈಗ ಅಪರೂಪವಲ್ಲ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಮೊದಲು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸೈಟು ಹಂಚಿತು. 1976ರಲ್ಲಿ ಅದರ ಜಾಗಕ್ಕೆ ಬಿ.ಡಿ.ಎ. ಬಂತು. ಅಂದು ಸಾಲಸೋಲ ಮಾಡಿ ಮನೆ ಕಟ್ಟಿಸಿದ ಗುಮಾಸ್ತರು, ಮೇಷ್ಟರು, ಕಾರ್ಖಾನೆ ನೌಕರರು ಮುದುಕರಾದರು. ಹಲವರು ಕಣ್ಣು ಮುಚ್ಚಿದರು. ಮಕ್ಕಳು ವೈಟ್‌ಫೀಲ್ಡಿನಲ್ಲೋ ಅಮೆರಿಕದಲ್ಲೋ ನೆಲೆಸಿದ್ದಾರೆ. ಅಷ್ಟು ದೊಡ್ಡ ಮನೆಯಲ್ಲಿ ಒಂಟಿ ತಾಯಿ. ಮಾರದೆ ಬೇರೆ ದಾರಿಯಿಲ್ಲ ಎಂಬ ಸ್ಥಿತಿ ಎಷ್ಟೋ ಮನೆಗಳದು.

ಹಾಗಾದರೆ ಮಾರುವ ಮನೆಯನ್ನು ಸಜ್ಜು ಮಾಡುವುದು ಹೇಗೆ? “ಮೊದಲು ಪೇಂಟ್ ಹೊಡೆಸಿಬಿಡಿ, ಪಾರ್ಟಿ ನಾನು ತರ್ತೀನಿ” ಎಂಬುದು ಬ್ರೋಕರ್ ಮಹಾಶಯರ ಅಂಬೋಣ. ಎಡವಟ್ಟು ಶುರುವಾಗುವುದೇ ಅಲ್ಲಿ.

ಬಂದವರು ಯಾರು?

ಮನೆ ನೋಡಲು ಬರುವವರಲ್ಲಿ ಎರಡು ಬಗೆ. ಒಬ್ಬ ವಾಸಕ್ಕೆ ಬರುವವನು. ಇನ್ನೊಬ್ಬ ಕೆಡವಲಿಕ್ಕೆ ಬರುವವನು.

ಜಯನಗರದ ಹಳೇ 40×60 ಸೈಟಿನ ಮನೆಗೆ ಬರುವವನು ಬಹಳ ಸಲ ಎರಡನೆಯವನೇ. ಅವನ ಕಣ್ಣಿಗೆ ಅದು ಮನೆಯಲ್ಲ, 2,400 ಚದರಡಿ ನೆಲ. ರಸ್ತೆ ಎಷ್ಟು ಅಗಲ, ಮೂಲೆ ಸೈಟೇ, ಪೂರ್ವ ದಿಕ್ಕೇ, ಎಷ್ಟು ಅಂತಸ್ತು ಏರಿಸಬಹುದು, ಇಷ್ಟೇ ಅವನ ಲೆಕ್ಕ. ಅಜ್ಜಿ ಐವತ್ತು ವರ್ಷ ಒರೆಸಿ ಹೊಳಪು ತಂದ ಕೆಂಪು ಗಾರೆ ನೆಲವನ್ನು ಅವನು ಬಗ್ಗಿಯೂ ನೋಡುವುದಿಲ್ಲ. ಇವತ್ತು ನೋಂದಣಿ, ನಾಳೆ ಜೆ.ಸಿ.ಬಿ. ಅಂಥವನಿಗಾಗಿ ಲಕ್ಷಗಟ್ಟಲೆ ಸುರಿದು ಟೈಲ್ಸ್ ಹಾಕಿಸುವುದು ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ.

ವಾಸಕ್ಕೆ ಬರುವವನ ರೀತಿ ಬೇರೆ. ಜೆ.ಪಿ. ನಗರದ 30×40 ಮನೆಯೋ ಬಿ.ಟಿ.ಎಂ.ನ ಫ್ಲ್ಯಾಟೋ ನೋಡಲು ಬಂದವನು ಹೆಂಡತಿಯನ್ನೂ ಕರೆತರುತ್ತಾನೆ. ಆಕೆ ನಲ್ಲಿ ತಿರುಗಿಸುತ್ತಾಳೆ, ಅಡುಗೆಮನೆಯ ಬೆಳಕು ನೋಡುತ್ತಾಳೆ, ಬಚ್ಚಲ ವಾಸನೆ ಹಿಡಿಯುತ್ತಾಳೆ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ? ಸಂಪು ಎಷ್ಟು ಲೀಟರಿನದು? ಕಾರು ಒಳಗೆ ನಿಲ್ಲುತ್ತಾ? ಮೆಟ್ರೋ ಎಷ್ಟು ದೂರ? ಬನಶಂಕರಿ, ಜಯನಗರಕ್ಕೆ 2017ರಲ್ಲಿ ಹಸಿರು ಮಾರ್ಗ ಬಂತು. 2025ರ ಆಗಸ್ಟಿನಲ್ಲಿ ರಾಗಿಗುಡ್ಡ, ಬಿ.ಟಿ.ಎಂ. ಕಡೆಗೆ ಹಳದಿ ಮಾರ್ಗವೂ ಬಂತು. ಅಲ್ಲಿಂದ ‘ಮೆಟ್ರೋಗೆ ಐದು ನಿಮಿಷ’ ಎಂಬುದು ಮಾರುವವರ ಹೊಸ ಮಂತ್ರ.

ಇಂಥವರಿಗೆ ಅಗ್ಗದ ಸಿಂಗಾರ ಸಾಕು. ತೊಟ್ಟಿಕ್ಕುವ ನಲ್ಲಿಗೆ ವಾಷರ್, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ, ಕತ್ತಲೆ ಕೋಣೆಗೆ ಒಂದು ಬಲ್ಬು. ಅಟ್ಟದ ಮೇಲಿನ ಮುರುಕು ಕುರ್ಚಿ, ಹಳೇ ಟ್ರಂಕು ಗುಜರಿಗೆ. ಸಾಮಾನು ಕಡಿಮೆಯಾದರೆ ಮನೆ ತಾನಾಗಿ ದೊಡ್ಡದಾಗಿ ಕಾಣುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ. ಗೋಡೆಯ ತೇವದ ಕಲೆಯನ್ನು ಬಣ್ಣದಿಂದ ಮುಚ್ಚುವುದು ಜಾಣತನವಲ್ಲ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವನಿಗೆ ಕಾಣದಂಥ ಮುಖ್ಯ ದೋಷ ತನಗೆ ಗೊತ್ತಿದ್ದರೆ, ಮಾರುವವನು ಅದನ್ನು ಹೇಳಲೇಬೇಕು. ಇದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮು. ಮಳೆ ಬಂದಾಗ ಕಲೆ ಮೇಲೆದ್ದರೆ ಜಗಳವೂ ಮೇಲೇಳುತ್ತದೆ.

ಬಣ್ಣವಲ್ಲ, ಕಾಗದ

ಅಸಲು ವಿಷಯ ಮುಂದಿದೆ. ವಾಸಕ್ಕೆ ಬರುವವನಿರಲಿ, ಕೆಡವಲಿಕ್ಕೆ ಬರುವವನಿರಲಿ, ಇಬ್ಬರೂ ಕೊನೆಗೆ ಕೇಳುವುದು ಒಂದನ್ನೇ: “ಪೇಪರ್ಸ್ ಕ್ಲಿಯರ್ ಇದೆಯಾ?”

ಬೆಂಗಳೂರಿನಲ್ಲಿ ಮಾರಾಟದ ನೋಂದಣಿಗೆ 2024ರ ಅಕ್ಟೋಬರಿನಲ್ಲಿ ಇ-ಖಾತೆ ಕಡ್ಡಾಯವಾಯಿತು. ಅದಕ್ಕೆ ಮಾಲೀಕರ ಆಧಾರ್, ನೋಂದಾಯಿತ ಪತ್ರ, ಆಸ್ತಿ ತೆರಿಗೆಯ ರಸೀತಿ, ಸ್ವತ್ತಿನ ಫೋಟೋ ಎಲ್ಲ ಬೇಕು. ಸುಳ್ಳು ದಾಖಲೆ ಹುಟ್ಟಿಸಿ ಒಂದೇ ಸೈಟನ್ನು ಇಬ್ಬರಿಗೆ ಮಾರುವವರಿಗೆ ಇದರಿಂದ ಕಡಿವಾಣ ಬೀಳುತ್ತದೆ, ಒಳ್ಳೆಯದೇ. ಆದರೆ ಏಟು ತಿಂದವರಲ್ಲಿ ಏನೂ ಅರಿಯದ ಸಭ್ಯ ಮಾಲೀಕರೂ ಇದ್ದಾರೆ.

ಹೇಗೆಂದರೆ, ಯಜಮಾನರು ತೀರಿಕೊಂಡು ಹದಿನೈದು ವರ್ಷ. ಖಾತೆ ಇನ್ನೂ ಅವರ ಹೆಸರಿನಲ್ಲೇ. ವರ್ಷವರ್ಷ ತೆರಿಗೆ ಕಟ್ಟಿದ್ದಾಯಿತು, ಕರೆಂಟ್ ಬಿಲ್ಲೂ ಅವರ ಹೆಸರಿಗೇ ಬರುತ್ತಿದೆ. “ಟ್ಯಾಕ್ಸ್ ಕಟ್ತಾ ಇದೀವಲ್ಲ, ಇನ್ನೇನು” ಎಂದು ಸುಮ್ಮನಿದ್ದರು. ತೀರಿಕೊಂಡವರ ಆಧಾರ್ ಕೆಲಸಕ್ಕೆ ಬಾರದು. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ವಾರಸುದಾರರ ಹೆಸರಿಗೆ ಖಾತೆ ಮಾಡಿಸಬೇಕು. ಕೆಲವು ಮನೆಗಳ ಬೀರುವಿನಲ್ಲಿರುವುದು ಸೈಟು ಕೊಟ್ಟಾಗಿನ ಗುತ್ತಿಗೆ-ಕ್ರಯದ ಕರಾರು ಮಾತ್ರ. ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ ಮಾಡಿಸಿಕೊಳ್ಳುವುದು ಮರೆತೇಹೋಗಿದೆ. ರೆವಿನ್ಯೂ ಸೈಟಿನಲ್ಲಿ ಕಟ್ಟಿದ ಮನೆಗಳಿಗೆ ‘ಬಿ’ ಖಾತೆಯ ತಲೆನೋವು ಬೇರೆ.

ಇನ್ನು ಪಾಲಿನ ಮಾತು. “ಹೆಣ್ಮಕ್ಕಳಿಗೆ ಮದುವೇಲಿ ಬಂಗಾರ ಹಾಕಿ ಕಳಿಸಿದೀವಿ, ಅವರ ಸಹಿ ಯಾಕೆ?” ಎನ್ನುವ ಅಣ್ಣತಮ್ಮಂದಿರಿಗೆ ಕಡಿಮೆಯಿಲ್ಲ. ಹಿಂದೂ ಗೃಹಸ್ಥನೊಬ್ಬ ಉಯಿಲು ಬರೆಯದೆ ತೀರಿಕೊಂಡರೆ, ಅವನು ಸ್ವಂತ ಸಂಪಾದಿಸಿದ ಮನೆಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು. ಇದು 1956ರ ಕಾಯಿದೆಯಿಂದಲೇ ಇರುವ ಮಾತು, ಹೊಸದೇನಲ್ಲ. ಅಕ್ಕತಂಗಿಯರನ್ನು ಬಿಟ್ಟು ಅಡ್ವಾನ್ಸ್ ತೆಗೆದುಕೊಂಡರೆ ಮನೆ ಕೋರ್ಟಿನ ಮೆಟ್ಟಿಲು ಹತ್ತುತ್ತದೆ, ಬಂದ ಪಾರ್ಟಿ ಬಂದ ದಾರಿ ಹಿಡಿಯುತ್ತದೆ. ಮಗ ಅಮೆರಿಕದಲ್ಲಿದ್ದರೆ ಅಲ್ಲಿಂದ ಅಧಿಕಾರಪತ್ರ ಕ್ರಮವಾಗಿ ದೃಢೀಕರಣಗೊಂಡು ಬರಬೇಕು. ವಾಟ್ಸಾಪ್ ಒಪ್ಪಿಗೆ ನಡೆಯದು.

ಬಾಡಿಗೆಯವರೂ ಇದ್ದಾರಲ್ಲ. ಕೆಳಗಿನ ಪೋರ್ಷನ್ ಭೋಗ್ಯಕ್ಕೆ ಕೊಟ್ಟಿದ್ದರೆ ಅವರ ಹಣ ಹಿಂತಿರುಗಿಸದೆ ಮನೆ ಖಾಲಿಯಾಗದು. ಆ ದುಡ್ಡು ಮಗಳ ಮದುವೆಗೆ ಎಂದೋ ಖರ್ಚಾಗಿದ್ದರೆ? ಮಾರಿದ ಮೇಲೆ ಕೊಡುತ್ತೇನೆಂದರೆ ಅವರು ನಂಬುವುದಿಲ್ಲ, ಖಾಲಿ ಮಾಡಿಸಿ ಕೊಡಿ ಎಂದು ಕೊಳ್ಳುವವನು ಬಿಡುವುದಿಲ್ಲ. ಈ ಲೆಕ್ಕ ಬೋರ್ಡು ಹಾಕುವ ಮೊದಲೇ ಆಗಬೇಕು.

ಕೊಳ್ಳುವವನ ಜೇಬು

ಸರ್ಕಾರ ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿಸಿತು. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜು ಸೇರಿದರೆ ಒಟ್ಟು ಶೇಕಡಾ 7.6. ಒಂದು ಕೋಟಿಯ ಮನೆಗೆ ಏಳೂವರೆ ಲಕ್ಷಕ್ಕೂ ಮೇಲೆ! ಇಷ್ಟು ಕಕ್ಕುವವನು ಕಾಗದದಲ್ಲಿ ಒಂದು ಎಳೆ ಸಿಕ್ಕಿದರೂ ಹಿಡಿದು ಜಗ್ಗುತ್ತಾನೆ. “ಖಾತೆ ನಾನೇ ಮಾಡಿಸ್ಕೋತೀನಿ, ರೇಟ್ ಇಳಿಸಿ” ಎನ್ನುತ್ತಾನೆ. ಅವಸರದಲ್ಲಿರುವ ಮುದುಕಿ ಇಳಿಸುತ್ತಾಳೆ. ಬಣ್ಣದಿಂದ ಏರದ ಬೆಲೆ ಕಾಗದದಿಂದ ಇಳಿಯುವುದು ಹೀಗೆ.

ಆದ್ದರಿಂದ ಮನೆ ಮಾರುವವರ ಕೆಲಸ ಪೇಂಟ್ ಅಂಗಡಿಯಲ್ಲಿ ಶುರುವಾಗುವುದಲ್ಲ, ಬೀರುವಿನಲ್ಲಿ ಶುರುವಾಗುವುದು. ಕ್ರಯಪತ್ರ, ಇ-ಖಾತೆ, ಇ.ಸಿ., ತೆರಿಗೆ ರಸೀತಿ, ಮಕ್ಕಳೆಲ್ಲರ ಒಪ್ಪಿಗೆ, ಇವು ಒಂದು ಫೈಲಿಗೆ ಸೇರಿದ ಮೇಲೆ ಬ್ರಷ್ಷು ಹಿಡಿದರಾಯಿತು.

ಸರ್ಕಾರಕ್ಕೂ ಒಂದು ಮಾತು. ಹಳೇ ಪಾಲಿಕೆ ಹೋಗಿ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ಬಂದವು. ಬೋರ್ಡು ಬದಲಾದದ್ದು ಸರಿ. ಕಂಪ್ಯೂಟರು ಬಾರದ ಹಿರಿಯರು ಮಧ್ಯವರ್ತಿಗೆ ಕಾಸು ತೆರದೆ ಖಾತೆ ಮಾಡಿಸಿಕೊಂಡು ಬರುವ ಹಾಗಾದರೆ ಮಾತ್ರ ಅದು ಸುಧಾರಣೆ. ಇಲ್ಲದಿದ್ದರೆ ಅದೂ ಬರೀ ಸುಣ್ಣ-ಬಣ್ಣವೇ.