ಪಾಸ್‌ವರ್ಡ್ ಕಳಿಸದೆಯೇ ಗುರುತಿನ ಸಾಬೀತು

ಒಂದೇ ಕಂಪ್ಯೂಟರ್ ಬಳಸುವವರ ಗುರುತು ಪತ್ತೆ ಸುಲಭ. ಹೆಸರು, ಪಾಸ್‌ವರ್ಡ್ ಎರಡೂ ಆ ಯಂತ್ರದೊಳಗೇ ತಾಳೆಯಾಗುತ್ತವೆ. ಫೈಲು ಒಂದು ಸರ್ವರ್‌ನಲ್ಲಿ, ಇಮೇಲ್ ಇನ್ನೊಂದರಲ್ಲಿ, ಪ್ರಿಂಟರ್ ಬೇರೊಂದು ಕಟ್ಟಡದಲ್ಲಿ ಇರುವಾಗ ತೊಡಕು ಶುರುವಾಗುತ್ತದೆ. ಪ್ರತಿ ಸರ್ವರ್‌ಗೂ ಪಾಸ್‌ವರ್ಡ್ ಕಳಿಸಿದರೆ ಜಾಲಕ್ಕೆ ಕಿವಿಗೊಟ್ಟವರ ಕೈಗೆ ಅದು ಸಿಗುತ್ತದೆ. ಬಳಕೆದಾರರ ಯಂತ್ರ ಹೇಳಿದ ಹೆಸರನ್ನೇ ನಂಬಿದರೆ ಯಾರು ಬೇಕಾದರೂ ಯಾರ ಹೆಸರನ್ನಾದರೂ ಹೇಳಿಕೊಳ್ಳಬಹುದು.

ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಶುರುವಾದ ಪ್ರಾಜೆಕ್ಟ್ ಅಥೀನಾ ಈ ಸಮಸ್ಯೆಯನ್ನು ನೇರವಾಗಿ ಎದುರಿಸಿತು. ವಿದ್ಯಾರ್ಥಿಗಳು ಕ್ಯಾಂಪಸ್ಸಿನ ಯಾವ ವರ್ಕ್‌ಸ್ಟೇಷನ್ ಮುಂದೆ ಕೂತರೂ ತಮ್ಮ ಕೆಲಸ ಮುಂದುವರಿಸುವಂತಿರಬೇಕಿತ್ತು. ಆ ಯಂತ್ರಗಳನ್ನು ನಂಬುವಂತಿರಲಿಲ್ಲ. ಅದಕ್ಕೆ ಸಿಕ್ಕ ಪರಿಹಾರವೇ ಕರ್ಬರೋಸ್. ರೋಜರ್ ನೀಡಮ್ ಮತ್ತು ಮೈಕೆಲ್ ಶ್ರೋಡರ್ 1978ರಲ್ಲಿ ಪ್ರಕಟಿಸಿದ ವಿಧಾನ ಅದರ ತಳಹದಿ.

ಇದರಲ್ಲಿ ಎಲ್ಲರೂ ನಂಬುವ ಒಂದು ಕೇಂದ್ರವಿರುತ್ತದೆ. ಪ್ರತಿ ಬಳಕೆದಾರರ, ಪ್ರತಿ ಸರ್ವರ್‌ನ ಗುಪ್ತ ಕೀಲಿ ಅದರ ಬಳಿ ಇರುತ್ತದೆ. ಲಾಗಿನ್ ಆದಾಗ ಕೇಂದ್ರವು ಒಂದು ತಾತ್ಕಾಲಿಕ ಕೀಲಿಯನ್ನು ಬಳಕೆದಾರರ ಪಾಸ್‌ವರ್ಡ್‌ನಿಂದ ಹುಟ್ಟಿದ ಕೀಲಿಯಲ್ಲಿ ಗೂಢಲಿಪಿಗೊಳಿಸಿ, ಒಂದು ಟಿಕೆಟ್ಟಿನ ಜೊತೆ ಕಳಿಸುತ್ತದೆ. ಸರಿಯಾದ ಪಾಸ್‌ವರ್ಡ್ ಗೊತ್ತಿದ್ದವರು ಮಾತ್ರ ಆ ತಾತ್ಕಾಲಿಕ ಕೀಲಿಯನ್ನು ಬಿಡಿಸಿಕೊಳ್ಳಬಲ್ಲರು. ಪಾಸ್‌ವರ್ಡ್ ಮಾತ್ರ ಯಂತ್ರ ಬಿಟ್ಟು ಹೊರಗೆ ಹೋಗುವುದೇ ಇಲ್ಲ.

ಮುಂದೆ ಫೈಲ್ ಸರ್ವರ್ ಬೇಕಾದಾಗ ಮೊದಲ ಟಿಕೆಟ್ ತೋರಿಸಿ, ಆ ಸರ್ವರ್‌ಗೆಂದೇ ಇನ್ನೊಂದು ಟಿಕೆಟ್ ಪಡೆಯಬೇಕು. ಅದು ಸರ್ವರ್‌ನ ಕೀಲಿಯಿಂದ ಮುಚ್ಚಿರುವುದರಿಂದ ಬಳಕೆದಾರರು ಅದನ್ನು ತಿದ್ದಲಾರರು. ಅದರೊಳಗೆ ಬಳಕೆದಾರರ ಹೆಸರು, ಹೊಸ ತಾತ್ಕಾಲಿಕ ಕೀಲಿ, ಅವಧಿ ಮುಗಿಯುವ ವೇಳೆ ಇರುತ್ತವೆ. ಕದ್ದ ಟಿಕೆಟ್ ಮರುಬಳಕೆಯಾಗದಿರಲೆಂದು, ಆ ಕ್ಷಣದ ಸಮಯವನ್ನು ತಾತ್ಕಾಲಿಕ ಕೀಲಿಯಲ್ಲಿ ಗೂಢಲಿಪಿಗೊಳಿಸಿ ಜೊತೆಗೆ ಕಳಿಸಬೇಕು. ಹಾಗಾಗಿ ಎಲ್ಲ ಯಂತ್ರಗಳ ಗಡಿಯಾರಗಳೂ ಹೊಂದಿಕೊಂಡಿರಬೇಕು. ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೋರಿಕೆ ತಿರಸ್ಕೃತವಾಗುತ್ತದೆ. ಬಳಕೆದಾರರು ಬಯಸಿದರೆ ಸರ್ವರ್ ಕೂಡ ಇದೇ ರೀತಿ ತನ್ನ ಗುರುತನ್ನು ಸಾಬೀತುಪಡಿಸಬೇಕಾಗುತ್ತದೆ.

ಕರ್ಬರೋಸ್‌ನ 5ನೇ ಆವೃತ್ತಿ 1993ರಲ್ಲಿ ಅಂತರಜಾಲದ ಮಾನಕ ದಾಖಲೆಯಾಗಿ ಹೊರಬಂತು. ವಿಂಡೋಸ್ 2000ದಿಂದ ಈಚೆಗೆ ಮೈಕ್ರೋಸಾಫ್ಟ್‌ನ ಡೊಮೇನ್ ಜಾಲಗಳಲ್ಲೂ ಇದೇ ಮುಖ್ಯ ವಿಧಾನ. ಕಚೇರಿಯಲ್ಲಿ ಬೆಳಿಗ್ಗೆ ಒಮ್ಮೆ ಲಾಗಿನ್ ಆದವರಿಗೆ ಪ್ರತಿ ಫೋಲ್ಡರಿಗೂ ಪಾಸ್‌ವರ್ಡ್ ಕೇಳದಿರುವುದು ಇದರಿಂದಲೇ.

ಈ ಅನುಕೂಲಕ್ಕೆ ಬೆಲೆಯೂ ಇದೆ. ಕೇಂದ್ರ ನಿಂತರೆ ಹೊಸ ಲಾಗಿನ್ ನಿಲ್ಲುತ್ತದೆ. ಆದ್ದರಿಂದ ಅದರ ಪ್ರತಿರೂಪಗಳನ್ನು ಸಿದ್ಧವಿಡಬೇಕು. ಕೇಂದ್ರದ ಮೂಲ ಕೀಲಿ ಕದ್ದವರು ಯಾರ ಹೆಸರಿನಲ್ಲಾದರೂ ಟಿಕೆಟ್ ಸೃಷ್ಟಿಸಬಲ್ಲರು. ದುರ್ಬಲ ಪಾಸ್‌ವರ್ಡನ್ನು, ಸೆರೆಹಿಡಿದ ಸಂದೇಶದ ಮೇಲೆ ಊಹೆಗಳನ್ನು ಪ್ರಯೋಗಿಸುತ್ತಲೇ ಪತ್ತೆಹಚ್ಚಬಹುದು. ಮೊದಲು ಬಳಸಿದ ಡಿಇಎಸ್ ಗೂಢಲಿಪಿಯ 56 ಬಿಟ್ ಕೀಲಿ ಇಂದಿನ ಯಂತ್ರಗಳ ಎದುರು ನಿಲ್ಲದು. 2012ರಲ್ಲಿ ಕರ್ಬರೋಸ್ ಮಾನಕ ಅದನ್ನು ಕೈಬಿಟ್ಟಿತು.

ಆದರೂ ಪ್ರತಿ ತಂತ್ರಾಂಶವೂ ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಳ್ಳುವ ಪದ್ಧತಿಗಿಂತ ಈ ದಾರಿಯೇ ಮೇಲು. ನೂರು ಕಡೆ ಅರೆಬರೆ ಕಾಯುವುದಕ್ಕಿಂತ ಒಂದು ಕಡೆ ಪೂರ್ತಿ ಕಾಯುವುದು ಸಾಧ್ಯವಾಗುವ ಕೆಲಸ. ಸಂಸ್ಥೆಗಳು ಹಣವನ್ನೂ ನುರಿತವರನ್ನೂ ಮೊದಲು ತೊಡಗಿಸಬೇಕಾದದ್ದು ಆ ಕೇಂದ್ರದ ಕಾವಲಿಗೆ.